ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಮೂಳೆ ಮಾತ್ರ ಬಿರುಕು ಬಿಟ್ಟಿತ್ತು

ಹೋದ ವರ್ಷ ಬೆಂಗಳೂರಿನ 10ಕೆ ಓಟಕ್ಕೆ ಆಫೀಸಿನಿಂದ ನಾಲ್ಕು ಜನ ಹೆಸರು ಕೊಟ್ಟರು. ನಾನೂ ಕೊಟ್ಟೆ. ವಯಸ್ಸು 43, ಅಲ್ಲಿಯವರೆಗೆ ನಾನು ಓಡಿದ್ದು ಅಂದರೆ ಬಸ್ಸು ಹಿಡಿಯೋಕೆ. ವಾರಕ್ಕೆ 8 ಕಿಲೋಮೀಟರ್ ಲಾಲ್‌ಬಾಗಿನಲ್ಲಿ ನಿಧಾನಕ್ಕೆ ನಡೆಯುತ್ತಿದ್ದವಳು ಮೂರೇ ವಾರದಲ್ಲಿ 25 ಕಿಲೋಮೀಟರ್ ಓಡತೊಡಗಿದೆ, ಅದೂ ಅಡಿ ಸವೆದ ಹಳೇ ಶೂ ಹಾಕಿಕೊಂಡು. ಉಸಿರು ಚೆನ್ನಾಗಿ ಪಳಗಿದೆ, ತೊಡೆ ಗಟ್ಟಿಯಾಗಿದೆ ಅಂತ ಖುಷಿಯೋ ಖುಷಿ.

ನಾಲ್ಕನೇ ವಾರ ಬಲಗಾಲಿನ ಪಾದದ ಮೇಲೆ ನೋವು ಶುರುವಾಯಿತು. ಎರಡನೇ ಬೆರಳಿನ ನೇರಕ್ಕೆ, ಸ್ವಲ್ಪ ಹಿಂದೆ. ಮೊದಮೊದಲು 2 ಕಿಲೋಮೀಟರ್ ಆದಮೇಲೆ ಬರುತ್ತಿತ್ತು, ಕೂತರೆ ಹೋಗುತ್ತಿತ್ತು. ಲೇಸ್ ಬಿಗಿಯಾಗಿರಬೇಕು ಅಂದುಕೊಂಡೆ. ಆಮೇಲೆ ಓಟ ಶುರು ಮಾಡುತ್ತಿದ್ದಂತೆಯೇ ಬಂತು. ಆಮೇಲೆ ಅಡುಗೆಮನೆಗೆ ನಡೆದರೂ ಬಂತು. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಬಾರು ಒತ್ತುತ್ತಿತ್ತು. ನಾನು ಬಿದ್ದಿಲ್ಲ, ಎಡವಿಲ್ಲ, ಕಾಲು ಹೊರಳಿಲ್ಲ. ಹಾಗಿರುವಾಗ ಮೂಳೆಯ ಯೋಚನೆ ಯಾರಿಗಾದರೂ ಬರುತ್ತಾ?

ಅಮ್ಮ ಹರಳೆಣ್ಣೆ ಬಿಸಿ ಮಾಡಿ ತಂದರು. "ಉಳುಕಿದೆ ಕಣೇ, ಚೆನ್ನಾಗಿ ತಿಕ್ಕಿದರೆ ಸರಿಹೋಗುತ್ತೆ" ಅಂತ ಹೆಬ್ಬೆರಳಲ್ಲಿ ಒತ್ತಿದರು ನೋಡಿ, ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆಗೆದರು.

ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ, ಮೂಳೆ ಚೆನ್ನಾಗಿದೆ ಅಂದರು, ನೋವಿನ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ನೋವು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಇನ್ನೂ ಹತ್ತು ದಿನ ಓಡಿದೆ. ಇದು ಪೂರ್ತಿ ನನ್ನದೇ ದಡ್ಡತನ, ಯಾರನ್ನೂ ದೂರಲ್ಲ.

ಆಮೇಲೆ ಹೋದ ಮೂಳೆ ಡಾಕ್ಟರ್ ಫಿಲ್ಮ್ ನೋಡುವುದಕ್ಕೂ ಮೊದಲು ನನ್ನ ಕಾಲು ನೋಡಿದರು. ಪಾದದ ಉದ್ದಮೂಳೆ ಐದು, ಒಂದೊಂದನ್ನೇ ಹಿಂದಿನಿಂದ ಮುಂದಕ್ಕೆ ಬೆರಳ ತುದಿಯಲ್ಲಿ ಒತ್ತುತ್ತಾ ಬಂದರು. ನಾಲ್ಕರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಒಂದೇ ಒಂದು ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಜೀವ ಹೋದಂತಾಯಿತು. "ನೋವು ಎಲ್ಲಿ ಅಂತ ಕೇಳಿದರೆ ಉಳುಕಿದವರು ಅಂಗೈಯಿಂದ ಸವರಿ ತೋರಿಸುತ್ತಾರೆ, ನೀವು ಒಂದು ಬೆರಳಿಟ್ಟು ತೋರಿಸಿದಿರಿ" ಅಂದರು. ಈ ಗುರುತೇ ಎಲ್ಲದಕ್ಕೂ ಸಾಕು ಅಂತಲ್ಲ. ಆದರೆ ಒಂದೇ ಬಿಂದುವಿನಲ್ಲಿ ನೋವು, ಓಡಿದರೆ ಜಾಸ್ತಿ, ಕೂತರೆ ಕಡಿಮೆ, ದಿನೇದಿನೇ ಬೇಗ ಬೇಗ ಶುರು, ಇಷ್ಟೂ ಸೇರಿದ್ದರೆ ಹೇರ್‌ಲೈನ್ ಫ್ರ್ಯಾಕ್ಚರ್ ಇರಬಹುದು ಅಂತಲೇ ಹಿಡಿಯಬೇಕಂತೆ.

ಹಾಗಾದರೆ ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ? ಬಿರುಕು ಕೂದಲೆಳೆಯಷ್ಟು, ಮೂಳೆಯ ತುಂಡುಗಳು ಜರುಗಿಲ್ಲ, ಹಾಗಾಗಿ ಅದರ ಗೆರೆ ಫಿಲ್ಮಿನಲ್ಲಿ ಮುಚ್ಚಿಹೋಗುತ್ತದೆ. ಎಷ್ಟೋ ಸಲ ಕಾಣೋದು ಬಿರುಕಲ್ಲ, ಅದನ್ನು ಮುಚ್ಚೋಕೆ ದೇಹ ಸುತ್ತ ಕಟ್ಟುವ ಹೊಸ ಮೂಳೆ. ಅದು ಕಾಣಿಸಿಕೊಳ್ಳೋಕೆ ಎರಡು ಮೂರು ವಾರ ಬೇಕು. ಎಂಆರ್‌ಐಯಲ್ಲಾದರೆ ಮೂಳೆಯೊಳಗಿನ ಊತ ಕೆಲವೇ ದಿನಗಳಲ್ಲಿ ತಿಳಿಯುತ್ತದೆ, ಆದರೆ ದುಡ್ಡು ಜಾಸ್ತಿ. ಡಾಕ್ಟರ್ ನೇರವಾಗಿ ಹೇಳಿದರು: ಈ ಮೂಳೆಯಾದ್ದರಿಂದ ಬಿರುಕಿದೆ ಅಂದುಕೊಂಡೇ ವಿಶ್ರಾಂತಿ ಶುರು ಮಾಡೋಣ, ಕೆಲವು ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯೋಣ. ಒಪ್ಪಿದೆ.

ಇದು ಹಳೇ ಸೈನಿಕರ ಕಾಯಿಲೆ. 1855ರಲ್ಲೇ ಪ್ರಷ್ಯಾ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಎನ್ನುವವರು ದೂರ ನಡೆದು ಪಾದ ಊದಿಸಿಕೊಂಡು ಬರುವ ಸಿಪಾಯಿಗಳ ಬಗ್ಗೆ ಬರೆದಿದ್ದರು. ಎಕ್ಸ್‌ರೇ ಬಂದದ್ದೇ 1895ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1897ರಲ್ಲಿ, ಇದು ಮೂಳೆಯ ಬಿರುಕು ಅಂತ ಚಿತ್ರದಲ್ಲಿ ಕಂಡಿತು. ಇದಕ್ಕೆ ಮಾರ್ಚ್ ಫ್ರ್ಯಾಕ್ಚರ್ ಅಂತಲೂ ಹೆಸರು. ಮಾರ್ಚ್ ತಿಂಗಳಲ್ಲ, ಲೆಫ್ಟ್ ರೈಟ್ ಮಾರ್ಚು.

ಬೀಳದೆ ಮೂಳೆ ಯಾಕೆ ಬಿರುಕು ಬಿಡುತ್ತದೆ ಅನ್ನೋದು ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾಗುತ್ತೆ. ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಮೊದಲು ಹಳೇದನ್ನು ಅಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಅಗೆಯೋದು ಕೆಲವೇ ವಾರ, ತುಂಬೋದು ತಿಂಗಳುಗಟ್ಟಲೆ. ನಮ್ಮ ರಸ್ತೆ ಥರಾನೇ. ಅಗೆದು ಬಿಟ್ಟಿರುವ ಹೊತ್ತಿನಲ್ಲೇ ನಾನು ಲಾರಿ ಓಡಿಸಿದ್ದೆ. ಮಾಂಸಖಂಡ ಬೇಗ ಗಟ್ಟಿಯಾಗುತ್ತದೆ, ಉಸಿರು ಬೇಗ ಪಳಗುತ್ತದೆ, ಮೂಳೆ ಹಿಂದೆ ಬೀಳುತ್ತದೆ.

ಚಿಕಿತ್ಸೆ ಅಂತ ದೊಡ್ಡದೇನೂ ಇರಲಿಲ್ಲ. ಹಿಟ್ಟಿನ ಕಟ್ಟು ಬೇಡ ಅಂದರು. ನಾಲ್ಕು ವಾರ ಗಟ್ಟಿ ಅಡಿಯ ವಾಕಿಂಗ್ ಬೂಟು, ಓಟ ಪೂರ್ತಿ ಬಂದ್, ಒಟ್ಟು ಆರರಿಂದ ಎಂಟು ವಾರ. ಆ ನೋವಿನ ಮಾತ್ರೆ ಮೂಳೆ ಕೂಡೋದನ್ನ ತಡ ಮಾಡಬಹುದು, ಬೇಕಾದರೆ ಪ್ಯಾರಾಸಿಟಮಾಲ್ ಸಾಕು ಅಂದರು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ: "ಮುಟ್ಟು ಸರಿಯಾಗಿ ಆಗ್ತಿದೆಯಾ?" ಆಗುತ್ತಿರಲಿಲ್ಲ, ಮೂರು ತಿಂಗಳಿಂದ. ಮುಟ್ಟಿಗೆ ಕಾರಣವಾಗುವ ಈಸ್ಟ್ರೋಜನ್ ಹಾರ್ಮೋನ್ ಇಳಿದರೆ ಮೂಳೆಯೂ ಸೊರಗುತ್ತದೆ. ತೂಕ ಇಳಿಸೋಕೆ ರಾತ್ರಿ ಊಟ ಬಿಟ್ಟಿದ್ದನ್ನೂ ಬಾಯಿ ಬಿಡಿಸಿದರು. ವಿಟಮಿನ್ ಡಿ ಪರೀಕ್ಷೆ ಮಾಡಿಸಿದರೆ 14 ಬಂತು, 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ವಾರಕ್ಕೊಂದು 60,000 ಯೂನಿಟ್ ಪುಡಿ ಬರೆದುಕೊಟ್ಟರು. ವಾರಕ್ಕೊಂದು, ದಿನಕ್ಕೊಂದಲ್ಲ. ಪರೀಕ್ಷೆ ಮಾಡಿಸದೆ ನೀವಾಗಿ ತಿನ್ನಬೇಡಿ. ಅಮ್ಮನಿಗಂತೂ ಹಬ್ಬ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಅಂತ ಡಾಕ್ಟರ್ ಬಾಯಲ್ಲೇ ಬಂದಮೇಲೆ ಮನೆಯಲ್ಲಿ ಎರಡು ತಿಂಗಳು ಮುದ್ದೆಯದೇ ರಾಜ್ಯ. ವಿಟಮಿನ್ ಡಿ ಇಲ್ಲದಿದ್ದರೆ ಆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತಲ್ಲ ಅನ್ನೋ ಭಾಗ ಮಾತ್ರ ಅವರ ಕಿವಿಗೆ ಬೀಳಲಿಲ್ಲ.

ಪಕ್ಕದ ಮನೆ ಆಂಟಿ ಪುತ್ತೂರು ಕಟ್ಟು ಕಟ್ಟಿಸು ಅಂತ ಬೆನ್ನು ಬಿದ್ದಿದ್ದರು. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ನಾನು ಅಣಕಿಸಲ್ಲ. ಜರುಗದ ಬಿರುಕನ್ನು ಅಲುಗಾಡದಂತೆ ಯಾರು ಕಟ್ಟಿದರೂ ಬಹುಪಾಲು ತಾನಾಗಿ ಕೂಡುತ್ತದೆ, ಹೆಸರು ಕಟ್ಟಿದವರಿಗೆ ಬರುತ್ತದೆ. ನನ್ನ ಭಯ ಇರೋದು ತಿಕ್ಕೋದು, ನೀವೋದು ಮತ್ತು ಬಿಗಿ ಕಟ್ಟಿನ ಬಗ್ಗೆ. ಯಾರೇ ಕಟ್ಟಿರಲಿ, ಬೆರಳು ತಣ್ಣಗಾಗಿ ನೀಲಿಯಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಓಡಿ ಬಿಚ್ಚಿಸಿ.

ಅಂದಹಾಗೆ, ನಮ್ಮ ಕಡೆ ಇದನ್ನು ಏರ್ ಕ್ರ್ಯಾಕ್ ಅನ್ನುತ್ತಾರೆ. ಹೇರ್ ಹೋಗಿ ಏರ್ ಆಗಿದೆ. ಚಿಕ್ಕವಳಿದ್ದಾಗ ಮೂಳೆಯೊಳಗೆ ಗಾಳಿ ಹೊಕ್ಕಿದೆ ಅಂತಲೇ ನಂಬಿದ್ದೆ. "ಬರೀ ಏರ್ ಕ್ರ್ಯಾಕ್ ಅಷ್ಟೇ" ಅನ್ನುವಾಗಿನ ಆ "ಅಷ್ಟೇ" ಇದೆಯಲ್ಲ, ಅದು ಎಲ್ಲ ಮೂಳೆಗೂ ಹೊಂದಲ್ಲ. ನನ್ನ ಅಕ್ಕನ ಮಗ ಬೈಕಿನಿಂದ ಬಿದ್ದು ಅಂಗೈ ಊರಿದ. ಮಣಿಕಟ್ಟು ಉಳುಕಿದೆ ಅಂತ ಸುಮ್ನೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ತಿರುಗುತ್ತಿದ್ದ. ನನ್ನ ಕತೆ ಆಗಿತ್ತಲ್ಲ, ನಾನು ಬಿಡಲಿಲ್ಲ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ಹಾರಿಬಿದ್ದ. ಸ್ಕೇಫಾಯ್ಡ್ ಅನ್ನೋ ಪುಟ್ಟ ಮೂಳೆ ಅಲ್ಲಿರೋದು. ಅದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹೊಕ್ಕು ಹಿಂದಕ್ಕೆ ಹರಿಯುತ್ತದೆ, ನಡುವೆ ಬಿರುಕು ಬಿಟ್ಟರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಅದು ಸಾಯಲೂಬಹುದು. ಅವನ ಮೊದಲ ಎಕ್ಸ್‌ರೇಯೂ ಸರಿ ಇತ್ತು. ಆದರೂ ಡಾಕ್ಟರ್ ಕಟ್ಟು ಹಾಕಿ, ಎರಡು ವಾರ ಬಿಟ್ಟು ಮತ್ತೆ ತೆಗೆದರು. ಗೆರೆ ಕಂಡಿತು.

ಓಡುವವರಿಗೆ ಇನ್ನೂ ಒಂದು. ತೊಡೆಸಂದಿನಲ್ಲಿ ಆಳವಾಗಿ ನೋವು, ಕಾಲೂರಿದರೆ ಜಾಸ್ತಿ ಅಂತಾದರೆ ಅದು ಕೂತು ಕಾಯುವ ನೋವಲ್ಲ. ತೊಡೆಮೂಳೆಯ ಕತ್ತಿನಲ್ಲಿ ಬಿರುಕಿದ್ದು ಪೂರ್ತಿ ಮುರಿದರೆ ದೊಡ್ಡ ಆಪರೇಷನ್ ಆಗುತ್ತದೆ. ಆ ಕಾಲಿಗೆ ಭಾರ ಹಾಕದೆ ಅವತ್ತೇ ತೋರಿಸಿ.

ಓಟದ ದಿನ ನಾನು ಬೂಟು ಹಾಕಿಕೊಂಡು ಉಳಿದವರ ಬ್ಯಾಗು ಕಾಯುತ್ತಾ ನಿಂತಿದ್ದೆ. ಐದನೇ ವಾರದ ಎಕ್ಸ್‌ರೇಯಲ್ಲಿ ಎರಡನೇ ಮೂಳೆಯ ಸುತ್ತ ಹತ್ತಿ ಅಂಟಿಸಿದಂತೆ ಬೆಳ್ಳಗೆ ಮಬ್ಬು. ಎಂಟನೇ ವಾರ ಮತ್ತೆ ಲಾಲ್‌ಬಾಗು, ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಈಗಲೂ ವಾರಕ್ಕೆ 12 ಕಿಲೋಮೀಟರ್ ದಾಟಿಲ್ಲ. ಸ್ನಾನ ಮಾಡುವಾಗ ಹೆಬ್ಬೆರಳು ತಾನಾಗಿ ಆ ಜಾಗಕ್ಕೆ ಹೋಗಿ ಒತ್ತಿ ನೋಡುತ್ತದೆ. ಸಣ್ಣದೊಂದು ಗಂಟು ಸಿಗುತ್ತದೆ, ನೋವಿಲ್ಲ.