ಗೇರು ಸಿಪ್ಪೆಯ ಎಣ್ಣೆ: ಜೂನ್‌ನಿಂದ ಆಟಿಯವರೆಗೆ

ಪಿಎಚ್‌ಡಿಯ ಕೋರ್ಸ್‌ವರ್ಕ್ ಮುಗಿಯಿತು, ಸಿನಾಪ್ಸಿಸ್ ಪಾಸಾಯಿತು, ಇನ್ನು ಲ್ಯಾಬಿನ ಬೆಂಚಿಗೆ ಇಳಿ ಅಂದರು ಗೈಡ್. ನನ್ನ ಪಾಲಿಗೆ ಬಂದದ್ದು ಅನಕಾರ್ಡಿಕ್ ಆಮ್ಲ. ಗೇರುಬೀಜದ ಸಿಪ್ಪೆಯನ್ನು ಅಡ್ಡ ಕತ್ತರಿಸಿದರೆ ಜೇನುಗೂಡಿನಂಥ ಪದರ ಕಾಣುತ್ತದಲ್ಲ, ಅದರೊಳಗಿನ ಕಂದು ಎಣ್ಣೆಯ ದೊಡ್ಡ ಪಾಲು ಇದೇ. ಅಣುವಿನ ತಲೆ ಸ್ಯಾಲಿಸಿಲಿಕ್ ಆಮ್ಲದ್ದು, ಬಾಲ 15 ಇಂಗಾಲಗಳ ಸರಪಳಿ. ಬಾಲದಲ್ಲಿ ಒಂದು, ಎರಡು, ಮೂರು ಜೋಡಿಬಂಧ ಇರುವವೆಲ್ಲ ಒಟ್ಟಿಗೆ ಬೆರೆತಿರುತ್ತವೆ.

ಶುದ್ಧವಾದದ್ದು ಬಾಟಲಿಯಲ್ಲಿ ಸಿಗುತ್ತದೆ, ಮಿಲಿಗ್ರಾಂ ಲೆಕ್ಕದಲ್ಲಿ. ನನಗೆ ಬೇಕಾದದ್ದು ಹತ್ತಾರು ಗ್ರಾಂ. ಅದೂ ಅಲ್ಲದೆ, ಮಂಗಳೂರಿನಲ್ಲಿ ಕೂತು ಗೇರು ಸಿಪ್ಪೆಯ ಅಣುವನ್ನು ಹೊರದೇಶದಿಂದ ತರಿಸುವುದೆಂದರೆ ಮೀನು ಮಾರ್ಕೆಟ್ಟಿನ ಪಕ್ಕದಲ್ಲಿ ಮನೆ ಮಾಡಿ ಡಬ್ಬಿಯ ಬಂಗುಡೆ ತಿಂದ ಹಾಗೆ.

ಜೂನ್, ಮೊದಲ ವಾರ

ಒಂದು ಕಾರ್ಖಾನೆಯಿಂದ ಅರ್ಧ ಚೀಲ ಸಿಪ್ಪೆ ಪುಕ್ಕಟೆ ಸಿಕ್ಕಿತು. 200 ಗ್ರಾಂ ತೂಗಿ, ಮನೆಯ ಹಳೆ ಮಿಕ್ಸಿಯಲ್ಲಿ ಪುಡಿ ಮಾಡಿದೆ (ಅದು ಇನ್ನು ಅಡುಗೆಮನೆಗೆ ಹೋಗುವ ಹಾಗಿಲ್ಲ, ಅಮ್ಮನಿಗೆ ಹೊಸದು ಬಾಕಿ). ರಾತ್ರಿಯಿಡೀ ಅಸಿಟೋನ್‌ನಲ್ಲಿ ನೆನೆಸಿ, ಸೋಸಿ, ರೋಟಾಕ್ಕೆ (ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರ) ಹಾಕಿದೆ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಸಂಜೆಗೆ ಸುಮಾರು 50 ಗ್ರಾಂ ಕಪ್ಪು ಎಣ್ಣೆ ಬಂತು.

ಮುಂದಿನದ್ದು ಬೆಂಗಳೂರಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ವಿಧಾನ. ಅದನ್ನು ನಾಲ್ಕನೇ ಒಂದಕ್ಕೆ ಇಳಿಸಿಕೊಂಡೆ: 25 ಗ್ರಾಂ ಎಣ್ಣೆ, ಶೇಕಡಾ 5 ನೀರು ಬೆರೆಸಿದ 150 ಮಿಲಿ ಮೆಥನಾಲ್, 12.5 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ. 50 ಡಿಗ್ರಿಯಲ್ಲಿ ಮೂರು ಗಂಟೆ ಕಲಕಬೇಕು. ಆಮ್ಲ ಕ್ಯಾಲ್ಸಿಯಂ ಲವಣವಾಗಿ ತಳಕ್ಕೆ ಕೂರುತ್ತದೆ. ಎಣ್ಣೆಯ ಉಳಿದ ಅಂಶಗಳಾದ ಕಾರ್ಡಾಲ್, ಕಾರ್ಡನಾಲ್ ಮೇಲಿನ ದ್ರಾವಣದಲ್ಲೇ ಉಳಿಯುತ್ತವೆ. ನೋಡಲಿಕ್ಕೆ ಸುಲಭ.

ಸೋಸಿ, ಒಣಗಿಸಿ ತೂಗಿದರೆ 12 ಗ್ರಾಂ ಚಿಲ್ಲರೆ. ಅಂದರೆ ನಾನು ಹಾಕಿದ ಸುಣ್ಣವನ್ನೇ ಮೂರು ಗಂಟೆ ಬಿಸಿ ಮಾಡಿ ವಾಪಸು ತೆಗೆದಿದ್ದೆ.

ಜೂನ್, ಕೊನೆ

ಟಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ತಟ್ಟೆಯ ಮೇಲೆ ಸ್ಪಾಟ್‌ಗಳಾಗಿ ಬೇರ್ಪಡಿಸಿ ನೋಡುವ ಪರೀಕ್ಷೆ) ಒಂದೇ ದಪ್ಪ ಸ್ಪಾಟ್, ಅದೂ ತುಂಬ ಮೇಲೆ. ತಪ್ಪು ದ್ರಾವಕದ್ದೇ ಅಂದುಕೊಂಡು ಹೆಕ್ಸೇನ್–ಇಥೈಲ್ ಅಸಿಟೇಟ್ ಪ್ರಮಾಣ ಮೂರು ಸಲ ಬದಲಿಸಿದೆ. ವಾರ ಹಾಳು. ಅಣುವಿನಲ್ಲಿ ಯಾವ ಬಂಧಗಳಿವೆ ಎಂದು ಹೇಳುವ ಐಆರ್ (ಅವಕೆಂಪು) ರೋಹಿತ ತೆಗೆಯೋಣವೆಂದರೆ ಮಳೆಗಾಲದಲ್ಲಿ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಒತ್ತಿ ಮುಗಿಸುವಷ್ಟರಲ್ಲಿ ಮಸುಕಾಗಿರುತ್ತದೆ. 3400ರ ಹತ್ತಿರ ನೀರಿನದ್ದೇ ದೊಡ್ಡ ಹೊಟ್ಟೆ. ಆದರೂ 1645ರ ಆಸುಪಾಸಿನಲ್ಲಿ ಇರಬೇಕಾದ ಕಾರ್ಬೊನಿಲ್, ಅಂದರೆ ಆಮ್ಲದ ಗುರುತು, ಇಲ್ಲ ಅನ್ನುವುದು ಗೊತ್ತಾಗುತ್ತಿತ್ತು. ಆಮ್ಲ ಅಂತ ಹೆಸರು ಹೊತ್ತ ಎಣ್ಣೆಯಲ್ಲಿ ಆಮ್ಲವೇ ಇಲ್ಲ!

ಇದರ ನಡುವೆ ಕೈ. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಮರುದಿನ ಕೆಂಪು, ಮೂರನೇ ದಿನ ಸಾಸಿವೆ ಗಾತ್ರದ ನೀರ್ಗುಳ್ಳೆಗಳು. ಗ್ಲೌಸ್ ಹಾಕಿಯೇ ಕೆಲಸ ಮಾಡಿದ್ದೆ. ಆದರೆ ನೀಲಿ ನೈಟ್ರೈಲ್ ಗ್ಲೌಸ್ ಅಸಿಟೋನ್‌ಗೆ ತಡೆಯೇ ಅಲ್ಲ, ನಿಮಿಷಗಳಲ್ಲಿ ದಾಟಿ ಬರುತ್ತದೆ, ಬರುವಾಗ ಎಣ್ಣೆಯನ್ನೂ ಕರೆದುಕೊಂಡು ಬರುತ್ತದೆ. ಎಂಎಸ್ಸಿಯಲ್ಲಿ ಓದಿ ಬರೆದದ್ದೇ. ಕೈಗೆ ಗೊತ್ತಾಗಲಿಕ್ಕೆ ಇಷ್ಟು ಸಮಯ ಬೇಕಾಯಿತು.

ಮುಲಾಮು ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಅಕ್ಕ ಬಂದರು. ಇಪ್ಪತ್ತು ವರ್ಷ ಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆದವರು. ಕೈ ನೋಡಿ ನಕ್ಕು, ತಮ್ಮ ಹೆಬ್ಬೆರಳು ಮುಂದೆ ಹಿಡಿದರು. ಉಗುರಿನ ಬುಡದಲ್ಲಿ ಕಪ್ಪು ಇನ್ನೂ ಉಂಟು. "ಬೂದಿ, ಎಣ್ಣೆ ಹಚ್ಚದೆ ಯಾರು ಮುಟ್ಟುತ್ತಾರೆ ಮಾರಾಯ" ಅಂದರು. ನಾನು ಎಣ್ಣೆ ಸರಿ ಬರುತ್ತಿಲ್ಲ ಅಂತ ಗೋಳು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಹುರಿದದ್ದಾ, ಬೇಯಿಸಿದ್ದಾ?"

ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್‌ನಲ್ಲಿ ಬರೆದದ್ದು "ಸಿಪ್ಪೆ, ಕಾರ್ಖಾನೆಯಿಂದ" ಅಂತ, ಅಷ್ಟೆ.

ಜುಲೈ

ಫೋನ್ ಮಾಡಿ ಕೇಳಿದೆ. ಬಿಸಿ ಎಣ್ಣೆಯಲ್ಲಿ ಹುರಿದದ್ದು. ಸುಮಾರು 190 ಡಿಗ್ರಿಯ ಆ ಬಿಸಿಗೆ ಅನಕಾರ್ಡಿಕ್ ಆಮ್ಲ ತನ್ನ ಕಾರ್ಬಾಕ್ಸಿಲ್ ಅನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಟ್ಟು ಕಾರ್ಡನಾಲ್ ಆಗುತ್ತದೆ. ಬಣ್ಣ, ರಾಳ, ಬ್ರೇಕ್ ಲೈನಿಂಗ್ ಮಾಡುವವರಿಗೆ ಬೇಕಾದದ್ದು ಅದೇ. ನನಗೆ ಅದು ಕಸ. ಹಬೆಯಲ್ಲಿ ಬೇಯಿಸಿದ ಬೀಜದ ಸಿಪ್ಪೆಯಲ್ಲಿ ಆಮ್ಲ ಬಹುಪಾಲು ಹಾಗೆಯೇ ಉಳಿಯುತ್ತದೆ. ಕಣ್ಣಿಗೇ ಗೊತ್ತಾಗುತ್ತದೆ, ನೋಡುವ ಬುದ್ಧಿ ಇದ್ದರೆ: ಹುರಿದದ್ದು ಕರಿ ಹಿಡಿದು ಮಿರಿಮಿರಿ ಅನ್ನುತ್ತದೆ, ಬೇಯಿಸಿದ್ದು ಮಾಸಿದ ಬೂದು. ಅಕ್ಕನೇ ಹೇಳಿದ ಇನ್ನೊಂದು ಕಾರ್ಖಾನೆಯಿಂದ ಬೇಯಿಸಿದ ಸಿಪ್ಪೆ ತಂದೆ. ಈ ಸಲ ಅಸಿಟೋನ್ ಬಿಟ್ಟು ಹೆಕ್ಸೇನ್. ಇದಕ್ಕೆ ನೈಟ್ರೈಲ್ ತಡೆಯುತ್ತದೆ. ರೋಟಾದ ನೀರು 45 ಡಿಗ್ರಿ ದಾಟಲಿಕ್ಕೆ ಬಿಡಲಿಲ್ಲ. ಟಿಎಲ್‌ಸಿಯಲ್ಲಿ ಕೆಳಗೆ ಆಮ್ಲದ ಹೊಸ ಸ್ಪಾಟ್ ಬಂತು, ಬಾಲ ಎಳೆದುಕೊಂಡು.

ಆದರೂ ಲವಣ ಸರಿಯಾಗಿ ಬೀಳಲಿಲ್ಲ. ಈ ಸಲ ಗೈಡ್ ಒಂದು ಚಿಟಿಕೆ ಸುಣ್ಣವನ್ನು ಪರೀಕ್ಷಾನಳಿಕೆಗೆ ಹಾಕಿ ಎರಡು ಹನಿ ಹೈಡ್ರೋಕ್ಲೋರಿಕ್ ಬಿಟ್ಟರು. ಬುಸ್ ಅಂತ ನೊರೆ ಎದ್ದಿತು. ಮುಚ್ಚಳ ಸಡಿಲವಾಗಿದ್ದ ಬಾಟಲಿ ಎಷ್ಟು ಮಳೆಗಾಲ ಕಂಡಿತ್ತೋ, ಸುಣ್ಣವೆಲ್ಲ ಗಾಳಿ ಕುಡಿದು ಕಾರ್ಬೊನೇಟ್ ಆಗಿತ್ತು. ಅಜ್ಜಿ ಮರುವಾಯಿ ಚಿಪ್ಪಿನ ಸುಣ್ಣವನ್ನು ಡಬ್ಬಿಯಲ್ಲಿ ನೀರು ನಿಲ್ಲಿಸಿ ಇಡುತ್ತಿದ್ದದ್ದು ಇದಕ್ಕೇ. ಅವರ ವೀಳ್ಯದ ಡಬ್ಬಿ ಸಿಕ್ಕಿದ್ದರೆ ಪ್ರಯೋಗಕ್ಕೆ ಬಳಸಿಬಿಡುತ್ತಿದ್ದೆನೋ ಏನೋ. ಥೀಸಿಸ್‌ನಲ್ಲಿ ಬರೆಯುವುದು ಕಷ್ಟ.

ಹೊಸ ಬಾಟಲಿ ಒಡೆದ ದಿನ ಬೇರೆಯೇ ಕಥೆ. ಸ್ವಲ್ಪ ಸ್ವಲ್ಪವೇ ಹಾಕುತ್ತ ಬಂದೆ. ಅರ್ಧಕ್ಕಿಂತ ಹೆಚ್ಚು ಬಿದ್ದ ಮೇಲೆ ಕಾಫಿ ಬಣ್ಣದ ದ್ರಾವಣ ಒಮ್ಮೆಲೇ ಆರಿದ ಗಂಜಿಯ ಹಾಗೆ ಗಟ್ಟಿಯಾಗಿ ಕಲಕುವ ಮ್ಯಾಗ್ನೆಟ್ ನಿಂತೇಹೋಯಿತು. ಗಾಜಿನ ಕಡ್ಡಿಯಲ್ಲಿ ಕೈಯಾರೆ ತಿರುವಿದೆ. ಸೋಸಿ ಮೆಥನಾಲ್‌ನಲ್ಲಿ ತೊಳೆದಾಗ ಕಂದು ಹೋಗಿ ಕೆನೆ ಬಣ್ಣದ ಪುಡಿ ಉಳಿಯಿತು. ಒಣಗಿಸಿ ತೂಗಿದರೆ 26 ಗ್ರಾಂ. ಮೂರು ಸಲ ತೂಗಿದೆ, ಅಗತ್ಯವೇನೂ ಇರಲಿಲ್ಲ.

ಆಟಿ ಅಮಾವಾಸ್ಯೆಯ ಮರುದಿನ

ನಿನ್ನೆ ತುಳುವರ ಆಟಿ ತಿಂಗಳ ಅಮಾವಾಸ್ಯೆ, ಲ್ಯಾಬಿಗೆ ಹೋಗಲಿಲ್ಲ. ಬೆಳಕು ಹರಿಯುವ ಮೊದಲೇ ಅಪ್ಪ ಕಲ್ಲಿನಲ್ಲಿ ಜಜ್ಜಿ ತಂದ ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಮೆಂತೆ ಗಂಜಿ ಉಂಡು ಮಲಗಿದೆ. ಆ ಕಹಿ ಆಲ್ಕಲಾಯ್ಡ್‌ಗಳದ್ದು, ಎಕಿಟಾಮಿನ್ ಮುಂತಾದವು. ಅದನ್ನು ಮನೆಯಲ್ಲಿ ಹೇಳಿದರೆ "ಸುಮ್ಮನೆ ಕುಡಿ" ಅನ್ನುತ್ತಾರೆ.

ಇವತ್ತು ಲವಣಕ್ಕೆ ನೀರು, ಆಮ್ಲ ಹಾಕಿ ಇಥೈಲ್ ಅಸಿಟೇಟ್‌ನಲ್ಲಿ ಎಳೆಯಲು ಹೋದೆ. ಸೆಪರೇಟಿಂಗ್ ಫನಲ್ ಅನ್ನು ಉತ್ಸಾಹದಲ್ಲಿ ಜೋರಾಗಿ ಕುಲುಕಿದ್ದೇ ತಪ್ಪು. ಈ ಅಣುವಿನ ತಲೆ ನೀರಿಗೆ, ಬಾಲ ಎಣ್ಣೆಗೆ, ಸೋಪಿನ ಸ್ವಭಾವ. ಮೂರು ಪದರ ಆಗಿ ಮಧ್ಯದ್ದು ಮಜ್ಜಿಗೆಯ ಹಾಗೆ ನಿಂತುಬಿಟ್ಟಿತು. ಉಪ್ಪು ನೀರು ಹಾಕಿ ಒಂದೂವರೆ ಗಂಟೆ ಕಾದೆ. ಕೊನೆಗೆ ಸಿಕ್ಕಿದ್ದು 12.8 ಗ್ರಾಂ.

ಮೂರು ವಾರದ ನಂತರ

ಹೊರಗೆ ಕಳಿಸಿದ ಎನ್‌ಎಂಆರ್ (ಅಣುವಿನ ಹೈಡ್ರೋಜನ್‌ಗಳು ಎಲ್ಲೆಲ್ಲಿವೆ ಎಂದು ತೋರಿಸುವ ಪರೀಕ್ಷೆ) ಬಂತು. ಬೆಂಜೀನ್ ಉಂಗುರದ ಮೂರು ಪ್ರೋಟಾನ್‌ಗಳು 6.77, 6.87, 7.36ರಲ್ಲಿ ಸಾಲಾಗಿ ನಿಂತಿವೆ. ಉಂಗುರಕ್ಕೆ ಅಂಟಿದ ಸಿಎಚ್‌2 2.97ರಲ್ಲಿ ಇದೆ. ಕಾರ್ಡನಾಲ್‌ದ್ದಾದರೆ ಅದು 2.55ರ ಹತ್ತಿರ ಬರಬೇಕು, ಅಲ್ಲೂ ಒಂದು ಪುಟ್ಟ ಉಬ್ಬು ಉಂಟು. ಉಬ್ಬುಗಳ ವಿಸ್ತಾರ ಅಳೆದ ಲೆಕ್ಕದ ಪ್ರಕಾರ ಕಾರ್ಡನಾಲ್ ಸುಮಾರು 4 ಶೇಕಡಾ. ಇದು ಹಬೆಯಲ್ಲೇ ಆದದ್ದೋ ನನ್ನ ರೋಟಾದಲ್ಲಿ ಆದದ್ದೋ ನೋಡಬೇಕು. ಬೇಯಿಸದ ಹಸಿ ಬೀಜದಿಂದ ಒಮ್ಮೆ ತೆಗೆದರೆ ಗೊತ್ತಾಗುತ್ತದೆ. ಅದರ ಸಿಪ್ಪೆ ಬಿಡಿಸುವ ಕ್ರಮ ಅಕ್ಕನ ಹತ್ತಿರ ಕೇಳಿಯಾಗಿದೆ. ಭಾನುವಾರ ಬರಲಿಕ್ಕೆ ಹೇಳಿದ್ದಾರೆ, ಬೂದಿ ನಾನೇ ತರಬೇಕಂತೆ.