60 ನೆಟ್ಟೆವು, 11 ಉಳಿದವು: ನಮ್ಮ ಶಾಲೆಯ ಹಸಿರು ಕೆಲಸದ ದಿನಚರಿ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಇಕೋ ಕ್ಲಬ್ ಕೂಡ ನನ್ನದೇ ಜವಾಬ್ದಾರಿ. ಜೂನ್‌ನಿಂದ ಇಲ್ಲಿವರೆಗೆ ಆಗಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆ ಶಾಲೆಯವರಿಗೂ ಉಪಯೋಗ ಆಗಬಹುದು.

ಜೂನ್, ಮೊದಲ ವಾರ

ಪ್ರತಿ ವರ್ಷ ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡುತ್ತೇವೆ, ಫೋಟೊ ತೆಗೆಯುತ್ತೇವೆ. ಈ ಸಲ ನೆಡಲಿಲ್ಲ. ಹೋದ ವರ್ಷ ನೆಟ್ಟಿದ್ದನ್ನು ಎಣಿಸಿಕೊಂಡು ಬನ್ನಿ ಅಂತ ಏಳನೇ ಕ್ಲಾಸಿನ ಮಕ್ಕಳನ್ನು ಕಳಿಸಿದೆ. ನೆಟ್ಟಿದ್ದು 60. ಸಿಕ್ಕಿದ್ದು 11. ಅದರಲ್ಲೂ ಎರಡು ಬರೀ ಕಡ್ಡಿ. ಒಬ್ಬ ಹುಡುಗಿ ಆ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಒಳಗೆ ಹಸಿರಿತ್ತು. "ಜೀವ ಐತ್ರೀ ಟೀಚರ್" ಅಂದಳು. ಅದಕ್ಕೇ ಒಂಬತ್ತಲ್ಲ, 11 ಅಂತ ಬರೆದುಕೊಂಡೆವು.

ಅವತ್ತೇ ಒಂದು ನಿಯಮ ಮಾಡಿದೆವು. ನೆಟ್ಟ ಲೆಕ್ಕ ಒಂದೇ ಸಲ ಬರೆಯುವುದು, ಉಳಿದ ಲೆಕ್ಕ ಪ್ರತಿ ತಿಂಗಳು ಬರೆಯುವುದು.

ಇನ್ನೊಂದು ಮಾತು. ಜೂನ್ 5 ನಮ್ಮ ಕಡೆ ಇನ್ನೂ ರೋಹಿಣಿ ಮಳೆಯ ಕಾಲ. ರೋಹಿಣಿ ಮಳೆ ಆದರೆ ಓಣಿಯೆಲ್ಲಾ ಜೋಳ ಅಂತ ಹಿರಿಯರು ಹೇಳುತ್ತಾರೆ, ನಿಜ. ಆದರೆ ಆ ಒಂದು ಮಳೆಯನ್ನೇ ನಂಬಿ ಎಳೆ ಸಸಿ ನೆಟ್ಟರೆ ಮುಂದಿನ ಬಿಸಿಲಿಗೆ ಬಾಡುತ್ತವೆ. ನೆಲ ಒಂದು ಗೇಣು ಆಳದವರೆಗೆ ನೆನೆಯಲಿ ಅಂತ ಕಾದೆವು.

ಮಿರಗದ ಮಳೆ, ಆರಿದ್ರಾ ಮಳೆ

ಎರಡು ಲೀಟರ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಮಗುಚಿ ಲಾಳಿಕೆಯ ಹಾಗೆ ಬಾಟಲಿಯೊಳಗೆ ಕೂರಿಸಿದೆವು. ತಳ ಉಬ್ಬುತಗ್ಗು ಇರುವುದರಿಂದ ಹರಳುಕಲ್ಲು ಹಾಕಿ, ನೇರವಾದ ಭಾಗದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿದೆವು. ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಸ್ಕೇಲು ಅಂಟಿಸಿದೆವು. ಮಳೆಮಾಪಕ ರೆಡಿ.

ಆರಿದ್ರಾದಲ್ಲಿ ಒಂದು ರಾತ್ರಿ 18 ಮಿಲಿಮೀಟರ್ ಬಿತ್ತು. "ಇಷ್ಟ ಏನ್ರಿ?" ಅಂತ ಮಕ್ಕಳ ಮುಖ ಸಪ್ಪಗಾಯಿತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಟೇಪ್ ಹಿಡಿದು ಒಂದು ಕೋಣೆಯ ಚಾವಣಿ ಅಳೆಸಿದೆ. 10 ಮೀಟರ್ ಉದ್ದ, 6 ಮೀಟರ್ ಅಗಲ. ಗುಣಿಸಿದರೆ 1,080 ಲೀಟರ್! ನಮ್ಮ ಸಿಂಟೆಕ್ಸ್ ಟ್ಯಾಂಕ್ ಹಿಡಿಯುವುದೇ 500. ಎರಡು ಟ್ಯಾಂಕಿಗಿಂತ ಜಾಸ್ತಿ ನೀರು ಒಂದೇ ರಾತ್ರಿ ಸುಮ್ನೆ ಗೇಟಿನ ಕಡೆ ಹರಿದುಹೋಗಿತ್ತು.

ಮರುದಿನ ಹೇಳದೆಯೇ ನಾಲ್ಕು ಜನ ಸಲಿಕೆ ತಂದರು. ಚಾವಣಿಯ ಪೈಪಿನ ಬಾಯಿಂದ ಸಸಿಗಳ ಸಾಲಿನವರೆಗೆ ಕಾಲುವೆ ತೋಡಿದರು. ಅದರ ಪಕ್ಕದಲ್ಲೇ ಅರಣ್ಯ ಇಲಾಖೆಯ ನರ್ಸರಿಯಿಂದ ತಂದ 25 ಸಸಿ ನೆಟ್ಟೆವು. ಹೊಂಗೆ, ಬೇವು, ಹುಣಸೆ. ಒಂದು ಸಸಿಗೆ ಇಬ್ಬರು ಮಕ್ಕಳು.

ಜುಲೈ

ನಮ್ಮದೇ ಸಸಿಮಡಿ ಮಾಡುವ ಆಸೆ. ಹೋದ ವರ್ಷದ ಬೇವಿನ ಬೀಜ ಡಬ್ಬಿಯಲ್ಲಿ ಕಾಪಾಡಿ ಇಟ್ಟಿದ್ದೆ. 40 ಹಾಕಿದೆವು. ಮೂರು ವಾರ ಆದರೂ ಒಂದೂ ಮೊಳೆಯಲಿಲ್ಲ. ಉಳಿದಿದ್ದ ಒಂದು ಬೀಜವನ್ನು ಒಡೆದು ನೋಡಿದೆವು, ಒಳಗಿನ ತಿರುಳು ಕಂದು ಬಣ್ಣಕ್ಕೆ ತಿರುಗಿತ್ತು. ಮರದ ಕೆಳಗೆ ಆಗಷ್ಟೇ ಬಿದ್ದ ಹಳದಿ ಹಣ್ಣಿನ ಬೀಜ ಒಡೆದರೆ ಒಳಗೆ ಅಚ್ಚ ಹಸಿರು. ಬೇವಿನ ಬೀಜದ ಜೀವ ಬಹಳ ದಿನ ಉಳಿಯುವುದಿಲ್ಲ. ಬೀಜಕ್ಕೆ ಅಂಟಿದ ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಒಂದೆರಡು ವಾರದಲ್ಲಿ ಹಾಕಿಬಿಡಬೇಕು. ನನಗೆ ಮೊದಲೇ ಗೊತ್ತಿರಬೇಕಿತ್ತು. ಆದರೆ ಎರಡು ಬೀಜ ಪಕ್ಕಪಕ್ಕ ಒಡೆದು ನೋಡಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಹೊಸ ಬೀಜ 40 ಹಾಕಿದೆವು, 27 ಮೊಳೆತವು. ಹಾಲಿನ ಪಾಕೀಟಿಗೆ ತಳದಲ್ಲಿ ತೂತು ಮಾಡಿ, ಮಸಾರಿ (ಕೆಂಪು) ಮಣ್ಣು, ಉಸುಕು, ಗೊಬ್ಬರ ಸಮ ಸಮ ಬೆರೆಸಿ ತುಂಬಿದ್ದೇವೆ. ಎರೆ (ಕಪ್ಪು) ಮಣ್ಣು ಒಂದೇ ಹಾಕಿದರೆ ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ.

ಆಗಸ್ಟ್

ಬಿಸಿಯೂಟದಲ್ಲಿ ಉಳಿದ ಅನ್ನ, ಕಾಯಿಪಲ್ಲೆ ಸಿಪ್ಪೆ ಗುಂಡಿಗೆ ಹಾಕಿದೆವು. ನಾಲ್ಕೇ ದಿನಕ್ಕೆ ನಾತ. "ಟೀಚರ್, ಅಡಗಿ ಮನಿ ಬಾಜು ಇದು ಬ್ಯಾಡ್ರಿ" ಎಂದು ಅಡುಗೆಯ ಅಕ್ಕ ಹೇಳಿದ್ದು ನ್ಯಾಯವೇ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ ಹಾಕಿ, ವಾರಕ್ಕೊಮ್ಮೆ ತಿರುವಿದ ಮೇಲೆ ನಾತ ಹೋಯಿತು. ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ಮುಟ್ಟಿದರೆ ಬಿಸಿ ತಾಗುತ್ತದೆ. ಆ ಸರಳು ಮುಟ್ಟಲು ಈಗ ಸಾಲು ನಿಲ್ಲುತ್ತಾರೆ.

ಅಕ್ಟೋಬರ್

ದಸರಾ ರಜೆಯಲ್ಲಿ ಆಡು ನುಗ್ಗಿ ಮೂರು ಬೇವಿನ ಸಸಿ ತಿಂದವು. ಮಕ್ಕಳಿಗೆ ಅಳುವೇ ಬಂತು. ಆಗ ಆಡು ಕಾಯುವ ಮನೆಯ ಹುಡುಗ, ಕ್ಲಾಸಿನಲ್ಲಿ ಬಾಯಿ ಬಿಡದವನು, ಎದ್ದು ನಿಂತ. "ಸೀತಾಫಲಕ್ಕ ಆಡು ಬಾಯಿ ಹಾಕಂಗಿಲ್ರಿ. ಹೊರಗಿನ ಸಾಲಿಗೆ ಅದನ್ನ ಹಚ್ಚೂಣ್ರಿ. ಬೇವು ಒಳಗ ಇರಲಿ."

ಇದು ಯಾವ ಪಠ್ಯದಲ್ಲೂ ಇಲ್ಲ. ಈಗ ಬೇಲಿಯ ಕೆಲಸಕ್ಕೆ ಅವನೇ ಮುಂದಾಳು. ಸದ್ಯಕ್ಕೆ ಜಾಲಿ ಮುಳ್ಳು ಕಟ್ಟಿದ್ದಾನೆ. ಮಕ್ಕಳು ತಿಂದ ಸೀತಾಫಲದ ಬೀಜ ತೊಳೆದು ಒಣಗಿಸಿ ಇಟ್ಟಿದ್ದೇವೆ. ಬೇವಿನ ಹಾಗಲ್ಲ, ಇದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ.

ಡಿಸೆಂಬರ್

ನಮ್ಮ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಹೋಗಿಬಂದೆವು. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಿದರು. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ ಅಂದಾಗ ಒಬ್ಬ, "ನಮ್ಮ ಗುಡ್ಡ ಯಾವ ಪಟ್ಟಿಯಾಗ ಐತ್ರಿ?" ಎಂದು ಕೇಳಿದ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಎಂದು ಹೇಳಿದೆ. ಬಸ್ಸಿನ ಕಿಟಕಿಯಿಂದ ಗುಡ್ಡ ಕಾಣುವವರೆಗೂ ಅದೇ ಮಾತು.

ಜನವರಿ

25ರಲ್ಲಿ 21 ಉಳಿದಿವೆ. ತಿಂದುಹೋದ ಮೂರರಲ್ಲಿ ಎರಡು ಮತ್ತೆ ಚಿಗುರಿವೆ. ನಿಜವಾದ ಪರೀಕ್ಷೆ ಬೇಸಿಗೆ ರಜೆ. ಹೋದ ವರ್ಷ ಹೆಚ್ಚಿನವು ಸತ್ತದ್ದು ಏಪ್ರಿಲ್, ಮೇನಲ್ಲೇ. ಓಣಿವಾರು ನೀರಿನ ಪಾಳಿ ಹಚ್ಚಿ, ಪಟ್ಟಿಯನ್ನು ಆಫೀಸ್ ರೂಮಿನ ಬಾಗಿಲಿಗೆ ಅಂಟಿಸಿದ್ದೇವೆ. ಮಕ್ಕಳೆಲ್ಲ ಹೆಸರು ಬರೆದ ಮೇಲೂ ಮೇ ಎರಡನೇ ವಾರ ಖಾಲಿ ಉಳಿದಿತ್ತು. ಅಲ್ಲಿ ನನ್ನ ಹೆಸರು ಬರೆದಿದ್ದೇನೆ.