ಐದು ಸಲ ಸೋತವನ ಊರಿನಲ್ಲಿ

20 ಅಕ್ಟೋಬರ್ 2024, ಭಾನುವಾರ
ಇಂಡಿಯಾನಾಪೊಲಿಸ್

ಚಿಕ್ಕಪ್ಪ ನಿನ್ನೆ ಕೇಳಿದ ಪ್ರಶ್ನೆ ಇವತ್ತು ಇಡೀ ದಿನ ತಲೆಯಲ್ಲಿ ಉಳಿದಿದೆ. ಟೆರೆಹೋಟ್ ಊರಿನಲ್ಲಿ, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಐದು ಸಲ ನಿಂತಿದ್ದ ಸೋಷಲಿಸ್ಟ್ ನಾಯಕ ಯೂಜಿನ್ ಡೆಬ್ಸ್‌ನ ಮನೆಯನ್ನು ನೋಡಿ ಹೊರಗೆ ಬಂದು ಕಾರು ಹತ್ತುವಾಗ ಅವರು, "ಐದು ಸಲ ನಿಂತು ಐದು ಸಲವೂ ಸೋತನಲ್ಲ, ಈ ಮನುಷ್ಯನಿಗೆ ಸುಸ್ತಾಗಲಿಲ್ಲವೇನೋ ಮಾರಾಯ?" ಎಂದರು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ನಾನು ಒಂದು ಮಾತಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ. ಆದರೆ ತೊಂಬತ್ತರ ದಶಕದಲ್ಲಿ ಹಸಿರು ಶಾಲು ಹೊದ್ದು, ರೈತ ಸಂಘದ ಅಭ್ಯರ್ಥಿಗಳಿಗಾಗಿ ತೀರ್ಥಹಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಅಲೆದು, ಎಣಿಕೆಯ ದಿನ ಸಂಜೆ ಮಾತಿಲ್ಲದೆ ಮನೆಗೆ ಬರುತ್ತಿದ್ದವರು ಅವರು. ಅವರ ಬಾಯಿಂದ ಬಂದಾಗ ಆ ಪ್ರಶ್ನೆಯ ತೂಕವೇ ಬೇರೆ.

ಇವತ್ತು ಡೆಬ್ಸ್ ತೀರಿಕೊಂಡ ದಿನ. 1926ರ ಅಕ್ಟೋಬರ್ 20ರಂದು, ಇಲಿನಾಯ್‌ನ ಎಲ್ಮ್‌ಹರ್ಸ್ಟ್‌ನ ಆರೋಗ್ಯಧಾಮವೊಂದರಲ್ಲಿ, ಎಪ್ಪತ್ತೊಂದು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ ಆತ ಹೋದ. ಈ ಸಲದ ಚುನಾವಣೆ ನಡೆಯುವ ನವೆಂಬರ್ 5 ಆತನ ಹುಟ್ಟಿದ ದಿನವೂ ಹೌದು. ನಮ್ಮ ಬೀದಿಯ ಮನೆಗಳ ಹುಲ್ಲಿನ ಮೇಲೆ ಎರಡು ಪಕ್ಷಗಳ ಫಲಕಗಳು ಮಾತ್ರ ನಿಂತಿವೆ. ಮೂರನೆಯ ಪಕ್ಷದವರ ಸುದ್ದಿ ಬಂದಾಗಲೆಲ್ಲ, ಅವರು ಯಾರ ಮತವನ್ನು ಒಡೆಯುತ್ತಾರೆ ಎಂಬ ಒಂದೇ ಪ್ರಶ್ನೆ ಟೀವಿಯಲ್ಲಿ ಕೇಳಿಬರುತ್ತದೆ. ಅವರು ಏನು ಹೇಳುತ್ತಿದ್ದಾರೆಂದು ಕೇಳುವ ವ್ಯವಧಾನ ಯಾರಿಗೂ ಇದ್ದಂತಿಲ್ಲ. ಈ ಮಾತು ನನ್ನನ್ನು ಬಹಳ ದಿನಗಳಿಂದ ನೋಯಿಸುತ್ತಿದ್ದುದರಿಂದಲೇ ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಚಿಕ್ಕಪ್ಪನಿಗೆ ಮೊದಲು ಅಚ್ಚರಿಯಾದದ್ದು ಡೆಬ್ಸ್ ಗೆಲ್ಲಲಾರದೆ ಮೂರನೆಯ ಪಕ್ಷಕ್ಕೆ ಹೋದವನಲ್ಲ ಎಂಬ ಸಂಗತಿ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ರೈಲು ಕಾರ್ಖಾನೆಯಲ್ಲಿ ಬಣ್ಣ ಕೆರೆಯುವ ಕೆಲಸಕ್ಕೆ ಸೇರಿ, ಆಮೇಲೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನಾಗಿದ್ದ ಹುಡುಗ, ಇಪ್ಪತ್ತರ ಹರೆಯದಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಎರಡು ಸಲ ಟೆರೆಹೋಟ್‌ನ ನಗರ ಗುಮಾಸ್ತನಾಗಿ ಚುನಾಯಿತನಾಗಿದ್ದ, 1884ರಲ್ಲಿ ಇಂಡಿಯಾನಾ ಶಾಸನಸಭೆಗೂ ಗೆದ್ದಿದ್ದ. ಒಳ್ಳೆಯ ಮಾತುಗಾರ, ಊರಿನಲ್ಲಿ ಎಲ್ಲರಿಗೂ ಬೇಕಾದವನು. ಅಲ್ಲಿಯೇ ಉಳಿದಿದ್ದರೆ ದೊಡ್ಡ ಹುದ್ದೆಗಳು ತಾವಾಗಿಯೇ ಬರುತ್ತಿದ್ದವು. ಆತನನ್ನು ತಿರುಗಿಸಿದ್ದು 1894ರಲ್ಲಿ, ರೈಲು ಡಬ್ಬಿ ತಯಾರಿಸುವ ಪುಲ್ಮನ್ ಕಂಪನಿಯ ವಿರುದ್ಧ ನಡೆದ ಮುಷ್ಕರ. ಕೂಲಿ ಕಡಿತದ ವಿರುದ್ಧ ರೈಲು ಕಾರ್ಮಿಕರು ಎದ್ದಾಗ ಅವರ ಮೇಲೆ ಕೇಂದ್ರದ ಸೈನ್ಯವನ್ನು ಕಳುಹಿಸಿದವರು ಡೆಮಾಕ್ರಟಿಕ್ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್, ಅಂದರೆ ಡೆಬ್ಸ್ ತಾನೇ ಬೆಂಬಲಿಸಿದ್ದ ಮನುಷ್ಯ. ಮುಷ್ಕರದ ಮುಂದಾಳಾಗಿದ್ದ ಡೆಬ್ಸ್‌ಗೆ ನ್ಯಾಯಾಲಯದ ತಡೆಯಾಜ್ಞೆಯನ್ನು ಮೀರಿದ್ದಕ್ಕೆ ಆರು ತಿಂಗಳ ಸಜೆಯಾಯಿತು. ಎರಡೂ ದೊಡ್ಡ ಪಕ್ಷಗಳು ಕಷ್ಟ ಕಾಲದಲ್ಲಿ ಯಾರ ಪಕ್ಕಕ್ಕೆ ನಿಲ್ಲುತ್ತವೆ ಎಂಬುದನ್ನು ಆತ ಪುಸ್ತಕದಿಂದ ಕಲಿಯಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಲೆಕ್ಕ. 1900, 1904, 1908, 1912 ಮತ್ತು 1920ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ. ಮೊದಲನೆಯ ಸಲ ಒಂದು ಲಕ್ಷ ಮತವೂ ಸಿಗಲಿಲ್ಲ, ಎರಡನೆಯ ಸಲ ಅದು ನಾಲ್ಕು ಲಕ್ಷವನ್ನು ದಾಟಿತು. ಈ ದೇಶದಲ್ಲಿ ಬಹುಪಾಲು ರಾಜ್ಯಗಳು ತಮ್ಮಲ್ಲಿ ಮುಂದಿದ್ದವನಿಗೇ ಎಲ್ಲ ಎಲೆಕ್ಟರುಗಳನ್ನೂ, ಅಂದರೆ ಕೊನೆಗೆ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳನ್ನು, ಕೊಡುವುದರಿಂದ, ಐದು ಸ್ಪರ್ಧೆಗಳಲ್ಲಿಯೂ ಡೆಬ್ಸ್‌ನ ಹೆಸರಿನ ಮುಂದೆ ಎಲೆಕ್ಟರುಗಳ ಅಂಕಣದಲ್ಲಿ ಇರುವುದು ಸೊನ್ನೆ.

ನನ್ನನ್ನು ಬಿಡದೆ ಕಾಡುವುದು 1908. ಆ ವರ್ಷ ಸೋಷಲಿಸ್ಟ್ ಪಕ್ಷ ಒಂದು ರೈಲನ್ನೇ ಬಾಡಿಗೆಗೆ ಹಿಡಿಯಿತು. ಅದರ ಹೆಸರು ರೆಡ್ ಸ್ಪೆಷಲ್. ಆಗಸ್ಟ್ ಕೊನೆಯಲ್ಲಿ ಶಿಕಾಗೋ ಬಿಟ್ಟ ಆ ರೈಲು ಮೊದಲು ಪಶ್ಚಿಮ ಕರಾವಳಿಯವರೆಗೂ, ಆಮೇಲೆ ಪೂರ್ವಕ್ಕೂ ಹೋಯಿತು. ದಿನಕ್ಕೆ ಹಲವಾರು ಭಾಷಣಗಳು. ದೊಡ್ಡ ಊರುಗಳಲ್ಲಿ ಸಭಾಂಗಣ, ಸಣ್ಣ ನಿಲ್ದಾಣಗಳಲ್ಲಿ ಡಬ್ಬಿಯ ಹಿಂಬದಿಯ ಕಟ್ಟೆಯೇ ವೇದಿಕೆ. ಇಷ್ಟು ಹಣ ಇವರಿಗೆ ಎಲ್ಲಿಂದ ಬಂತು, ರಿಪಬ್ಲಿಕನ್ನರೇ ಕೊಟ್ಟಿರಬೇಕು ಎಂದು ಕಾರ್ಮಿಕ ಒಕ್ಕೂಟದ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಆರೋಪಿಸಿದಾಗ, ಪಕ್ಷ ಚಿಲ್ಲರೆ ಕಾಸು ಕೊಟ್ಟ ದುಡಿಯುವ ಜನರ ಪಟ್ಟಿಯನ್ನೇ ಪ್ರಕಟಿಸಿತು. ಇದನ್ನು ಹೇಳಿದಾಗ ಚಿಕ್ಕಪ್ಪ ಕಾರಿನಲ್ಲಿ ಥಟ್ಟನೆ ನನ್ನ ಕಡೆಗೆ ತಿರುಗಿದರು. "ಒಂದು ವೋಟು, ಒಂದು ನೋಟು" ಎಂದರು.

ನಮ್ಮ ಕಡೆಯ ಸೋಷಲಿಸ್ಟ್ ನಾಯಕ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ಹಾಗೆ ಕೇಳುತ್ತಿದ್ದರು. ಅಜ್ಜ ಒಂದು ರೂಪಾಯಿಯನ್ನು ಮಡಿಸಿ ಅವರ ಕೈಗೆ ಕೊಟ್ಟ ಕಥೆಯನ್ನು ನಾನು ನೂರು ಸಲ ಕೇಳಿದ್ದರೂ ಚಿಕ್ಕಪ್ಪ ನಿನ್ನೆ ಇನ್ನೊಮ್ಮೆ ಹೇಳಿದರು, ನಾನು ಇನ್ನೊಮ್ಮೆ ಕೇಳಿದೆ. ಕಾಗೋಡಿನ ಗೇಣಿ ರೈತರ ಸತ್ಯಾಗ್ರಹದಿಂದ ಬಂದವರು 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ನಮ್ಮ ತೀರ್ಥಹಳ್ಳಿಯಿಂದ ಗೆದ್ದರು. ಅವರಿಗೆ ಗೆಲುವೂ ಇತ್ತು. ಡೆಬ್ಸ್‌ಗೆ ಸೋಷಲಿಸ್ಟನಾದ ಮೇಲೆ ಅದೂ ಇರಲಿಲ್ಲ. ರೆಡ್ ಸ್ಪೆಷಲ್ಲಿನ ಅಷ್ಟೂ ಓಡಾಟ ಮುಗಿದು ಮತಗಳನ್ನು ಎಣಿಸಿದಾಗ, ನಾಲ್ಕು ವರ್ಷಗಳ ಹಿಂದೆ ಸಿಕ್ಕಿದ್ದಕ್ಕಿಂತ ಹೆಚ್ಚಾಗಿದ್ದು ಹದಿನೆಂಟು ಸಾವಿರದಷ್ಟು ಮಾತ್ರ. ಹಿಡಿದ ರೈಲು, ಕಿರುಚಿದ ಗಂಟಲು, ಕೂಲಿಯವರ ಬೆವರಿನ ದುಡ್ಡು, ಇಷ್ಟಕ್ಕೂ ಸೇರಿ ಹದಿನೆಂಟು ಸಾವಿರ. ಆ ರಾತ್ರಿ ಆತ ಹೇಗೆ ಮಲಗಿರಬಹುದು?

ಚಿಕ್ಕಪ್ಪ ಇದಕ್ಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಸೋತದ್ದಕ್ಕೆ ತಮಗೆ ಯಾವತ್ತೂ ಬೇಸರವಾಗಿರಲಿಲ್ಲ, ಮತ ಹಾಳಾಯಿತೆಂದು ಒಂದು ದಿನವೂ ಅನ್ನಿಸಿರಲಿಲ್ಲ, ಆದರೆ ಹಿಂದಿನ ವಾರ ತಮ್ಮ ಜೊತೆ ಕುಳಿತು ಕಾಫಿ ಕುಡಿದು, "ನಿಮ್ಮ ಮಾತೇ ಸರಿ" ಎಂದ ಮನೆಯವರು ಕೂಡ ಮತ ಹಾಕುವ ದಿನ ಬೇರೆ ಕಡೆಗೆ ಹಾಕಿದ್ದು ಮತಗಟ್ಟೆವಾರು ಎಣಿಕೆಯಲ್ಲಿ ತಿಳಿದಾಗ ಮಾತ್ರ ಕಾಲಿನಲ್ಲಿ ಬಲವಿಲ್ಲದಂತಾಗುತ್ತಿತ್ತು ಎಂದರು. "ನೀವು ಸರಿ, ಆದರೆ ನೀವು ಗೆಲ್ಲುವುದಿಲ್ಲವಲ್ಲ" ಎಂದು ಜನ ಹೇಳುತ್ತಿದ್ದರಂತೆ. ನೂರು ವರ್ಷಗಳ ಹಿಂದೆ ಡೆಬ್ಸ್ ಕೇಳಿದ್ದೂ ಇದನ್ನೇ.

ಡೆಬ್ಸ್‌ಗೂ ಸುಸ್ತಾಗಿತ್ತು. ಪ್ರಚಾರ ಮುಗಿದ ಮೇಲೆ ಆತ ಹಾಸಿಗೆ ಹಿಡಿದದ್ದುಂಟು. 1916ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಾರೆನೆಂದ. ಆ ವರ್ಷ ಪಕ್ಷ ಆಲನ್ ಬೆನ್ಸನ್ ಎಂಬಾತನನ್ನು ನಿಲ್ಲಿಸಿತು, ಮತಗಳು ಇಳಿದವು. ಡೆಬ್ಸ್ ತನ್ನ ಊರಿನಿಂದ ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿನ ಸಂಸತ್ತಿಗೆ, ನಿಂತು ಅಲ್ಲಿಯೂ ಸೋತ. ಸೋಲದವನು, ದಣಿಯದವನು ಎಂದು ಆತನ ವಿಗ್ರಹವನ್ನು ಕಟ್ಟುವುದರಿಂದ ನಮಗೇನೂ ಸಿಗದು. ದಣಿದೂ ಮತ್ತೆ ಎದ್ದದ್ದು ಯಾಕೆ ಎಂಬುದೇ ತಿಳಿಯಬೇಕಾದದ್ದು. ನನಗೆ ತೋರುವಂತೆ, ಆತನಿಗೆ ಸ್ಪರ್ಧೆಯೆಂದರೆ ಅಧ್ಯಕ್ಷನಾಗುವ ದಾರಿಯಾಗಿರಲಿಲ್ಲ. ಚುನಾವಣೆಯ ಕೆಲವು ವಾರಗಳಲ್ಲಿ ಮಾತ್ರ ಗಣಿ ಕಾರ್ಮಿಕನೂ ಗೇಣಿದಾರನೂ ನಿಂತು ರಾಜಕೀಯವನ್ನು ಕೇಳುತ್ತಾರೆ. ಆ ಹೊತ್ತಿಗೆ ಅವರ ಮುಂದೆ ಇರಬೇಕು, ಅಷ್ಟೇ. ತಾನು ಯಾರನ್ನೂ ಭರವಸೆಯ ನಾಡಿಗೆ ಕರೆದೊಯ್ಯುವುದಿಲ್ಲ, ತಾನು ಒಳಗೆ ಕರೆದೊಯ್ಯಬಹುದಾದರೆ ಇನ್ನೊಬ್ಬ ಹೊರಗೆ ಕರೆತರಬಹುದು ಎಂದು ಆತ ಕಾರ್ಮಿಕರಿಗೆ ಹೇಳುತ್ತಿದ್ದ. ಮತ ಕೇಳಲು ಬಂದವನೊಬ್ಬ, ನನ್ನನ್ನು ನಂಬಿ ಕೂರಬೇಡಿ ಎಂದು ಹೇಳುವುದನ್ನು ಚಿಕ್ಕಪ್ಪ ಇದೇ ಮೊದಲು ಕೇಳಿದ್ದಂತೆ.

1912ರಲ್ಲಿ ಒಂಬತ್ತು ಲಕ್ಷ ಮತಗಳು ಬಂದವು, ನೂರಕ್ಕೆ ಆರರಷ್ಟು. ವಿಲ್ಸನ್, ರೂಸ್‌ವೆಲ್ಟ್, ಟಾಫ್ಟ್ ಎಂಬ ಮೂವರು ಘಟಾನುಘಟಿಗಳೂ ಕಣದಲ್ಲಿದ್ದ ವರ್ಷದಲ್ಲಿ ಅದು ಸಣ್ಣ ಸಂಗತಿಯಲ್ಲ. ಒಕ್ಲಹೋಮಾದಲ್ಲಿ ಆ ಪಾಲು ನೂರಕ್ಕೆ ಹದಿನಾರನ್ನು ಮುಟ್ಟಿತ್ತು, ಅಲ್ಲಿ ಮತ ಹಾಕಿದವರಲ್ಲಿ ಬಹಳ ಜನ ಪರರ ಹೊಲ ಉಳುತ್ತಿದ್ದ ಗೇಣಿ ರೈತರು ಎಂದೆ. ಚಿಕ್ಕಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ, ಕೊಯ್ಲಾದ ಜೋಳದ ಹೊಲಗಳನ್ನು ನೋಡುತ್ತಿದ್ದರು. ಕಾಗೋಡಿನಲ್ಲಿ ಜಗಳ ಹುಟ್ಟಿದ್ದೇ ಗೇಣಿಯ ಭತ್ತವನ್ನು ಅಳೆಯುವ ಕೊಳಗದಿಂದ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ನಮ್ಮಿಬ್ಬರ ನಡುವೆ ಮಾತು ಬೆಳೆಯಿತು. ಡೆಬ್ಸ್ ಸೋತರೂ ಆತನ ಬೇಡಿಕೆಗಳು ಗೆದ್ದವು, ಮಕ್ಕಳ ದುಡಿಮೆಗೆ ತಡೆ, ವೃದ್ಧಾಪ್ಯದ ಪಿಂಚಣಿ, ಹೆಂಗಸರ ಮತ, ಆದಾಯ ತೆರಿಗೆ ಎಲ್ಲವೂ 1912ರ ಸೋಷಲಿಸ್ಟ್ ಪ್ರಣಾಳಿಕೆಯಲ್ಲಿದ್ದು ಆಮೇಲೆ ಕಾನೂನಾದವು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಈ ಸಮಾಧಾನ ರುಚಿಸುವುದಿಲ್ಲ. ಅದೇ ಪ್ರಣಾಳಿಕೆಯಲ್ಲಿ ರೈಲುಗಳು ಸಮುದಾಯದ ಒಡೆತನಕ್ಕೆ ಬರಬೇಕೆಂದಿತ್ತು, ಸೆನೆಟನ್ನು ರದ್ದು ಮಾಡಬೇಕೆಂದಿತ್ತು. ಅವುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಗೆದ್ದವರಿಗೆ ಒಗ್ಗಿದ್ದನ್ನು ಮಾತ್ರ ಆರಿಸಿಕೊಂಡು, ಸೋತವನು ಅವರಿಗಾಗಿ ದಾರಿ ಸವೆಸಿದನೆಂದು ಹೊಗಳುವುದು ಆ ಮನುಷ್ಯನಿಗೆ ಮಾಡುವ ಗೌರವವಲ್ಲ ಎಂದೆ.

ಚಿಕ್ಕಪ್ಪ ಒಪ್ಪಲಿಲ್ಲ. "ನಿನಗೆ ಹಾಗೆ ಹೇಳುವುದು ಸುಲಭ, ನೀನು ಗೇಣಿ ಕೊಟ್ಟವನಲ್ಲ" ಎಂದರು. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. 1974ರಲ್ಲಿ ಉಳುವವನಿಗೆ ಭೂಮಿ ಎಂಬ ಕಾನೂನನ್ನು ಜಾರಿಗೆ ತಂದವರು ಕಾಂಗ್ರೆಸ್ ಪಕ್ಷದ ದೇವರಾಜ ಅರಸರು. ಅಜ್ಜ ಅರ್ಜಿ ಕೊಟ್ಟರು, ಗದ್ದೆ ನಮ್ಮದಾಯಿತು, ಆ ಗದ್ದೆಯ ಅಕ್ಕಿಯನ್ನು ಉಂಡು ನಾನು ಓದಿ ಇಲ್ಲಿಯವರೆಗೆ ಬಂದೆ. "ಯಾರು ಕೊಟ್ಟರು ಎನ್ನುವುದು ಆಮೇಲೆ, ಕೊಡಲೇಬೇಕಾಗುವ ಹಾಗೆ ಮಾಡಿದವರು ಯಾರು? ಅಜ್ಜನಿಗೆ ಅದು ಗೊತ್ತಿತ್ತು, ಅದಕ್ಕೇ ಗೋಪಾಲಗೌಡರ ಪಟ ಕೊನೆಯವರೆಗೂ ಜಗುಲಿಯಲ್ಲಿತ್ತು." ಇದಕ್ಕೆ ನಾನು ಎದುರು ಹೇಳಲಿಲ್ಲ. ಆದರೂ ನನ್ನ ಮಾತನ್ನು ಪೂರ್ತಿ ಹಿಂದೆಗೆದುಕೊಳ್ಳಲು ಮನಸ್ಸು ಬರುತ್ತಿಲ್ಲ.

ಡೆಬ್ಸ್‌ನ ಮನೆಯ ಅಟ್ಟದ ಗೋಡೆಗಳ ಮೇಲೆ ಆತನ ಬದುಕಿನ ಚಿತ್ರಗಳಿವೆ. ಚಿಕ್ಕಪ್ಪ ಅಲ್ಲಿಂದ ಕೆಳಗಿಳಿಯಲು ಒಪ್ಪಲೇ ಇಲ್ಲ. 1918ರ ಜೂನ್ 16ರಂದು ಓಹಾಯೊದ ಕ್ಯಾಂಟನ್‌ನಲ್ಲಿ ಯುದ್ಧದ ವಿರುದ್ಧ ಮಾತನಾಡಿದ್ದಕ್ಕೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಶಿಕ್ಷೆ ವಿಧಿಸುವ ದಿನ ಆತ ನ್ಯಾಯಾಧೀಶನ ಮುಂದೆ, ಕೆಳವರ್ಗವೊಂದು ಇರುವವರೆಗೆ ತಾನು ಅದರಲ್ಲಿದ್ದೇನೆ, ಒಂದು ಜೀವ ಸೆರೆಯಲ್ಲಿರುವವರೆಗೆ ತಾನು ಸ್ವತಂತ್ರನಲ್ಲ ಎಂದದ್ದನ್ನು ನಾನು ಚಿಕ್ಕಪ್ಪನಿಗೆ ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. 1920ರ ಸ್ಪರ್ಧೆ ಅಟ್ಲಾಂಟಾದ ಸೆರೆಮನೆಯಿಂದ ನಡೆಯಿತು. ವಾರಕ್ಕೆ ಐನೂರು ಪದಗಳ ಒಂದು ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಡಲು ಅನುಮತಿಯಿತ್ತು, ಅದೇ ಅವನ ಪ್ರಚಾರ. ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಗಳ ಮೇಲೆ ಕೈದಿ ಸಂಖ್ಯೆ 9653. ಆಗಲೂ ಒಂಬತ್ತು ಲಕ್ಷಕ್ಕಿಂತ ಹೆಚ್ಚು ಮತಗಳು. 1912ಕ್ಕಿಂತ ಸ್ವಲ್ಪ ಹೆಚ್ಚೇ ಬಂದವೆಂದು ಸಂತೋಷದಿಂದ ಹೇಳುವವರು, ಆ ವರ್ಷ ದೇಶದಾದ್ಯಂತ ಹೆಂಗಸರಿಗೂ ಮತದ ಹಕ್ಕು ಸಿಕ್ಕಿ ಮತದಾರರು ಹೆಚ್ಚಿದ್ದರಿಂದ ಪಾಲು ನೂರಕ್ಕೆ ಮೂರೂವರೆಯ ಒಳಗೆ ಇಳಿದಿತ್ತೆಂಬುದನ್ನೂ ಹೇಳಬೇಕು. ಬಂದ ಮತಗಳ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿರುವವನಿಗೆ, ಅಧಿಕಾರಕ್ಕೆ ಬರಲಾರನೆಂದು ಖಚಿತವಾಗಿ ಗೊತ್ತಿದ್ದೂ ಮತ ಹಾಕಿದವರು ಅವರು.

ಅಧ್ಯಕ್ಷ ಹಾರ್ಡಿಂಗ್ 1921ರ ಕ್ರಿಸ್ಮಸ್ ದಿನ ಆತನನ್ನು ಬಿಡುಗಡೆ ಮಾಡಿದ, ಪೌರತ್ವ ಮಾತ್ರ ಹಿಂತಿರುಗಲಿಲ್ಲ. ಕಾಂಗ್ರೆಸ್ಸು ಅದನ್ನು ಮರಳಿಸಿದ್ದು 1976ರಲ್ಲಿ, ಆತ ಸತ್ತು ಐವತ್ತು ವರ್ಷಗಳಾದ ಮೇಲೆ. ನನಗೂ ಇಲ್ಲಿ ಮತವಿಲ್ಲ. ಗ್ರೀನ್ ಕಾರ್ಡಿನ ಸರದಿ ಎಂದು ಬರುತ್ತದೋ, ಆಮೇಲೆ ಪೌರತ್ವ ಯಾವಾಗಲೋ. ಆದರೆ ಈ ಊರಿನಲ್ಲಿ ತೆರಿಗೆ ಕಟ್ಟಿ, ಮಗಳನ್ನು ಇಲ್ಲಿನ ಶಾಲೆಗೆ ಕಳುಹಿಸುತ್ತಿರುವಾಗ, ಕೈಯಲ್ಲಿ ಮತವಿರುವವರು ಅದನ್ನು "ಹಾಳು ಮಾಡುವುದು ಬೇಡ" ಎಂದು ಹೇಳುವುದನ್ನು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ತನಗೆ ಬೇಕಾದದ್ದನ್ನು ಕಾಗದದ ಮೇಲೆ ಗುರುತು ಹಾಕಿ ಹೇಳಿ, ಅದನ್ನು ಸರಕಾರವೇ ಎಣಿಸಿ ಬರೆದಿಡುವಂತೆ ಮಾಡುವುದು ಹಾಳಾಗುವುದಾದರೆ, ಬೇಡದ್ದಕ್ಕೆ ಹಾಕಿದ್ದು ಉಳಿಯುವುದು ಹೇಗೆ?

ಒಂದು ವಿಷಯವನ್ನು ಹೇಳುವಷ್ಟರಲ್ಲಿ ಮನೆ ಬಂದಿತ್ತು, ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. 1924ರಲ್ಲಿ ಡೆಬ್ಸ್ ನಿಲ್ಲಲಿಲ್ಲ. ಪಕ್ಷ 1919ರಲ್ಲೇ ಒಡೆದು ಸಣ್ಣದಾಗಿತ್ತು, ಆತನ ಆರೋಗ್ಯ ಸೆರೆಯಲ್ಲಿ ಕೆಟ್ಟಿತ್ತು. ಸೋಷಲಿಸ್ಟರು ತಮ್ಮ ಅಭ್ಯರ್ಥಿಯನ್ನೇ ಹಾಕದೆ ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್‌ಗೆ ಬೆಂಬಲ ಕೊಟ್ಟರು, ಡೆಬ್ಸ್ ಕೂಡ ಅದನ್ನು ಒಪ್ಪಿದ. ಲಾ ಫಾಲೆಟ್ ಸೋಷಲಿಸ್ಟನಲ್ಲ, ಹಿಂದೆ ರಿಪಬ್ಲಿಕನ್ ಪಕ್ಷದಿಂದ ಸೆನೆಟಿಗೆ ಹೋದವನು. ಆತನಿಗೆ ನೂರಕ್ಕೆ ಹದಿನಾರಕ್ಕಿಂತ ಹೆಚ್ಚು ಮತಗಳು ಬಂದವು, ವಿಸ್ಕಾನ್ಸಿನ್‌ನ ಎಲೆಕ್ಟರುಗಳೂ ಸಿಕ್ಕಿದರು. ಡೆಬ್ಸ್ ಐದು ಸ್ಪರ್ಧೆಗಳಲ್ಲಿ ಕಾಣದ್ದು ಅದು. ಕಮ್ಯುನಿಸ್ಟರು ಡೆಬ್ಸ್‌ನನ್ನು ಕಟುವಾಗಿ ಟೀಕಿಸಿದರು. ಸ್ವಂತ ಬಾವುಟವನ್ನು ಮಡಿಸಿಟ್ಟು ಹತ್ತಿರದವನ ಬಾವುಟವನ್ನು ಹಿಡಿದದ್ದು ಸರಿಯೇ ಎಂದು ನಾನು ಸಂಜೆಯಿಂದ ಯೋಚಿಸುತ್ತಿದ್ದೇನೆ. ರೈತ ಸಂಘ ಬೇರೆ ಪಕ್ಷಗಳ ಜೊತೆ ಹೊಂದಾಣಿಕೆ ಮಾಡಿಕೊಳ್ಳಬೇಕೇ ಬೇಡವೇ ಎಂದು ಚಿಕ್ಕಪ್ಪ ತಮ್ಮ ಗೆಳೆಯರ ಜೊತೆ ರಾತ್ರಿಯೆಲ್ಲ ಜಗಳವಾಡಿದ್ದನ್ನು ನಾನು ಬಲ್ಲೆ, ಅವರು ಆಗ ಬೇಡವೆಂದವರು. ಈಗ ಏನೆನ್ನುತ್ತಾರೋ. ಡೆಬ್ಸ್‌ಗೆ ಅದು ದಣಿವಿನಿಂದ ಬಂದ ಒಪ್ಪಿಗೆಯೋ, ಅಥವಾ ನಿಲ್ಲುವುದಕ್ಕಿಂತ ಜನ ಒಟ್ಟಾಗುವುದೇ ಮುಖ್ಯವೆಂದು ಮೊದಲಿನಿಂದಲೂ ನಂಬಿದ್ದವನಿಗೆ ಅದರಲ್ಲಿ ಬಿಟ್ಟುಕೊಟ್ಟದ್ದೇ ಏನೂ ಇರಲಿಲ್ಲವೋ